ಬರಿ ನೀರಿನ ಸಾಲು

ಕಡಲಪಾಚಿಯಿಂದ ತೆಗೆದ ದ್ರವ ಮಾರುವ ಸಣ್ಣ ಕಂಪನಿಯಲ್ಲಿ ಅವನು ಹೊಲ ಸುತ್ತುವ ನೌಕರ. ಅದು ಗೊಬ್ಬರವಲ್ಲ, ಕೀಟನಾಶಕವೂ ಅಲ್ಲ. ಗಿಡದೊಳಗಿನ ಶಕ್ತಿಯನ್ನೇ ಎಬ್ಬಿಸುವ ಜೈವಿಕ ಪ್ರಚೋದಕ ಎಂದು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ. ತನ್ನನ್ನು ಹಾಸಿಗೆಯಿಂದ ಎಬ್ಬಿಸಲು ಮೂರು ಅಲಾರಂ ಬೇಕೆಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅಂದು ಕಂಪನಿಗೆ ಹಣ ಹೂಡಲಿದ್ದ ಮಹಿಳೆ ಅವನ ದೊಡ್ಡಮ್ಮನ ಟೊಮೇಟೊ ತೋಟ ನೋಡುವವರಿದ್ದರು. ಅರ್ಧ ಸಾಲುಗಳಿಗೆ ದ್ರವ, ಉಳಿದರ್ಧಕ್ಕೆ ಬರಿ ನೀರು. ವ್ಯತ್ಯಾಸ ಕಣ್ಣಿಗೆ ಹೊಡೆಯಬೇಕು. ಇಲ್ಲದಿದ್ದರೆ ಮೊದಲು ಮನೆಗೆ ಹೋಗುವವನು ನೀನೇ ಎಂದು ಮಾಲೀಕರು ನಗುನಗುತ್ತಲೇ ಹೇಳಿದ್ದರು.

ಕೆಲವು ವಾರ ಬೇರೆ ಊರು ಸುತ್ತಿ ಬಂದವನು ತೋಟಕ್ಕೆ ಕಾಲಿಟ್ಟವನೇ ನಿಂತುಬಿಟ್ಟ. ಎಲ್ಲ ಸಾಲುಗಳೂ ಒಂದೇ ಹಸಿರು.

“ದೊಡ್ಡಮ್ಮಾ, ಈ ಕಡೆಗೂ ಹೊಡೆದ್ಯಾ?”

“ಮತ್ತೇನೋ ಮಾಡ್ಲಿ? ಒಂದೇ ಮಡೀಲಿ ಹುಟ್ಟಿದ ಸಸಿಗಳು. ಒಂದಕ್ಕೆ ಉಣ್ಸಿ ಇನ್ನೊಂದನ್ನ ನೋಡ್ತಾ ಕೂರ್ಸೋಕೆ ನನ್ನ ಕೈಲಾಗ್ಲಿಲ್ಲ.”

“ಅದು ಪರೀಕ್ಷೆ ದೊಡ್ಡಮ್ಮಾ.”

“ನೀನು ಪರೀಕ್ಷೇಲಿ ಫೇಲಾದಾಗ ನಿಂಗೆ ಊಟ ಹಾಕಿರ್ಲಿಲ್ವಾ?”

ಬೇಲಿಯಾಚೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಬರಿ ನೀರಿನ ಸಾಲಿನಿಂದ ಒಂದಿಷ್ಟು ಎಲೆ ಕಿತ್ತುಬಿಟ್ಟರೆ? ಯೋಚನೆ ಮುಗಿಯುವ ಮೊದಲೇ ಅವನ ಕೈ ಗಿಡದ ಮೇಲಿತ್ತು.

“ಮುಟ್ಟು ನೋಡೋಣ, ಕೈ ಮುರೀತೀನಿ,” ಎಂದಳು ದೊಡ್ಡಮ್ಮ, ಮೆಲ್ಲಗೆ.

ಮಹಿಳೆ ಸಾಲಿನಿಂದ ಸಾಲಿಗೆ ಬಗ್ಗಿ ನೋಡುತ್ತ ನಡೆದರು. ಹಿಂದೆ ಬರುತ್ತಿದ್ದ ಮಾಲೀಕರ ಮುಖದ ನಗು ಹೆಜ್ಜೆಹೆಜ್ಜೆಗೂ ಇಳಿಯುತ್ತಿತ್ತು.

“ವ್ಯತ್ಯಾಸ ಎಲ್ಲಿದೆ?” ಎಂದು ಆಕೆ ಅವನನ್ನೇ ಕೇಳಿದರು.

ಮಣ್ಣು ಒಳ್ಳೆಯದು, ಮಳೆ ಚೆನ್ನಾಗಿತ್ತು ಎಂಬ ಸುಳ್ಳುಗಳು ಬಾಯಿಗೆ ಬಂದು ನೂಕಾಡಿದವು. ಸುಳ್ಳು ಆರಿಸುವುದರಲ್ಲೂ ಅವನು ನಿಧಾನ, ಇದ್ದದ್ದೇ ಹೊರಬಿತ್ತು.

“ದೊಡ್ಡಮ್ಮ ಎಲ್ಲಾ ಸಾಲಿಗೂ ಹೊಡೆದುಬಿಟ್ಟಿದ್ದಾರೆ ಮೇಡಂ. ತೋರ್ಸೋಕೆ ವ್ಯತ್ಯಾಸ ಉಳಿದಿಲ್ಲ.”

ಮಾಲೀಕರು ಕಣ್ಣು ಮುಚ್ಚಿಕೊಂಡರು. ಮಹಿಳೆ ದೊಡ್ಡಮ್ಮನತ್ತ ತಿರುಗಿದರು. “ಅಷ್ಟು ನಂಬಿಕೆ ಬಂತಾ? ಹಾಗಾದ್ರೆ ದುಡ್ಡು ಕೊಟ್ಟು ತಗೋತೀರಾ?”

ಹೂಂ ಅನ್ನು ದೊಡ್ಡಮ್ಮಾ ಎಂದು ಅವನು ಮನಸ್ಸಿನಲ್ಲೇ ಕೈ ಮುಗಿದ.

“ಬಿಟ್ಟಿ ಬಂತು, ಹೊಡೆದೆ,” ಎಂದಳು ದೊಡ್ಡಮ್ಮ. “ದುಡ್ಡು ಕೊಡೋದಾದ್ರೆ, ಹೊಡೀದೆ ಇರೋ ಸಾಲು ಹೇಗಿರತ್ತೆ ಅಂತ ಮೊದ್ಲು ನೋಡ್ಬೇಕಲ್ಲ.”

“ನನಗೂ ಅದೇ ನೋಡ್ಬೇಕಿತ್ತು,” ಎಂದು ಮಹಿಳೆ ಮಾಲೀಕರಿಗೆ ಹೇಳಿದರು. “ಇವತ್ತು ಹೂಡಿಕೆ ಮಾತು ಬೇಡ. ಇನ್ನೊಂದು ಬೆಳೆಯ ಪರೀಕ್ಷೆಗೆ ಖರ್ಚು ಕೊಡ್ತೀನಿ. ಇದೇ ತೋಟ, ಇದೇ ಹುಡುಗ.”

ಅಂದರೆ ಇನ್ನೊಂದು ಬೆಳೆಯವರೆಗೆ ಸಂಬಳ. ಅವನು ಓಡಿಹೋಗಿ ಅವರ ಕಾರಿನ ಬಾಗಿಲು ತೆರೆದ.

ಕಾರು ಹೋದ ಮೇಲೆ ದೊಡ್ಡಮ್ಮ ದ್ರವದ ಕ್ಯಾನನ್ನು ಅವನ ಕೈಗೆ ತುರುಕಿದಳು. “ಇದನ್ನ ನಿನ್ ಹತ್ರಾನೇ ಇಟ್ಕೋ. ಬಾಡಿದ ಗಿಡ ಕಂಡ್ರೆ ನಂಗೆ ನನ್ ಮೇಲೇ ನಂಬಿಕೆ ಇಲ್ಲ.”