ಶಾರದಕ್ಕನ ಚಾನೆಲ್

ಮಸ್ಕತ್ತಿನ ಮವಾಲೇಹ್ ತರಕಾರಿ ಮಾರುಕಟ್ಟೆಯಲ್ಲಿ ಇವತ್ತು ಯಾರದೋ ಮೊಬೈಲಿನಿಂದ ಚೀನೀ ವಾರ್ತೆ ಕೇಳಿಸಿತು. ಹಳೆಯ ಸಿಟ್ಟು ನೆತ್ತಿಗೇರಿತು.

ನನ್ನ ಬಾಲ್ಯದಲ್ಲಿ ಇಲ್ಲಿನ ನಮ್ಮ ಮನೆಯ ಡಿಶ್‌ಗೆ ಚೀನಾದ ಯಾವುದೋ ಪ್ರಾಂತ್ಯದ ಸರ್ಕಾರಿ ಚಾನೆಲ್ಲೂ ಸಿಗುತ್ತಿತ್ತು. ಆಫೀಸಿಗೆ ಹೊರಡುವಾಗ ಅಪ್ಪ ಉಳಿದೆಲ್ಲ ಚಾನೆಲ್‌ಗಳಿಗೆ ಲಾಕ್ ಹಾಕುತ್ತಿದ್ದರು. "ಸೀರಿಯಲ್ ನೋಡಿದ್ರೆ ಹೆಂಗಸರ ತಲೆ ಹಾಳಾಗ್ತದೆ. ಇದಾದ್ರೆ ಅರ್ಥವೇ ಆಗುದಿಲ್ಲ."

ಒಬ್ಬಳೇ ಹೊರಗೆ ಹೋಗುವ ಅಪ್ಪಣೆಯಿಲ್ಲದ ಅಮ್ಮ, ಅದರಲ್ಲಿ ವಾರ್ತೆ ಓದುವವಳಿಗೆ ಶಾರದಕ್ಕ ಎಂದು ಹೆಸರಿಟ್ಟಳು. ಮಧ್ಯಾಹ್ನ ಶಾರದಕ್ಕನ ಎದುರೇ ಕೂತು ಗಂಜಿ ಉಣ್ಣುತ್ತಿದ್ದಳು. ಒಮ್ಮೆ ವಾರ್ತೆ ಮುಗಿಯುವಾಗ, "ಹೊರಟ್ರಾ ಶಾರದಕ್ಕ? ಕುಂಕುಮ ತಕೊಂಡು ಹೋಗಿ" ಎಂದು ಟಿವಿಯ ಗಾಜಿನ ಮೇಲೆ ಅವಳ ಹಣೆಗೆ ಬೊಟ್ಟಿಟ್ಟಳು.

ಸಂಜೆ ಆ ಬೊಟ್ಟು ಕಂಡ ಅಪ್ಪ ಅದನ್ನು ಕರವಸ್ತ್ರದಿಂದ ಒರೆಸಿ, ಆ ಚಾನೆಲ್ಲಿಗೂ ಲಾಕ್ ಹಾಕಿದರು.

"ನಿನ್ನ ಅಮ್ಮನಿಗೆ ಮಸ್ಕತ್ತಿನಲ್ಲಿ ಏನು ಕಮ್ಮಿಯಿತ್ತು?" ಅಮ್ಮನ ತಿಥಿಯಂದು ಅಪ್ಪ ಈಗಲೂ ಕೇಳುತ್ತಾರೆ. "ಟಿವಿ ಇತ್ತಲ್ಲ!"