ನಾಲಿಗೆ ರಾಯರ ಬಿಚ್ಚಿದ ರೀಲು

ನಾಲಿಗೆಯಿಂದ ಸಾಮ್ರಾಜ್ಯ ಕಟ್ಟಿದವರು ಈ ಭೂಮಿಯ ಮೇಲೆ ಬಹಳ ಮಂದಿ ಇದ್ದಾರೆ. ಅವರೆಲ್ಲ ಮಾತಾಡಿ ಕಟ್ಟಿದರು. ನಮ್ಮ ರಾಯರು ನೆಕ್ಕಿ ಕಟ್ಟಿದರು.

ಸಮುದ್ರಕ್ಕೆ ಹೋಗಿ ಬಂದ ಯಾವುದೇ ಗಾಳದ ರೀಲನ್ನು ರಾಯರ ಕೈಗೆ ಕೊಡಿ. ಮೊದಲು ಅದನ್ನು ಕಿವಿಯ ಬಳಿ ಹಿಡಿದು ಹಿಡಿಕೆಯನ್ನು ಒಂದು ಸುತ್ತು ತಿರುಗಿಸುತ್ತಾರೆ. ಆಮೇಲೆ ಕಣ್ಣು ಮುಚ್ಚುತ್ತಾರೆ. ಅಂಗಡಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನಾಲಿಗೆ ಹೊರಬರುತ್ತದೆ. ರೀಲಿನ ಅಂಚಿನುದ್ದಕ್ಕೂ ಅದರ ದಿಗ್ವಿಜಯ ನಡೆಯುತ್ತದೆ.

"ಹದಿನೆಂಟು ದಿನ. ಹದಿನೆಂಟು ದಿನದಿಂದ ಇದು ಸಿಹಿನೀರು ಕಂಡಿಲ್ಲ. ಕೊಲೆಗಡುಕ ಕಣಯ್ಯ ನೀನು!"

ತಂದವನು ತಲೆ ತಗ್ಗಿಸುತ್ತಾನೆ. ಏಕೆಂದರೆ ಹದಿನೆಂಟು ಎಂದರೆ ಹದಿನೆಂಟೇ.

ಒಮ್ಮೆ ಒಬ್ಬನ ರೀಲು ನೆಕ್ಕಿ, "ಬುಧವಾರ ನೀನು ಕೆಲಸಕ್ಕೆ ರಜಾ ಹಾಕಿದ್ದು ಜ್ವರ ಬಂದು ಅಲ್ಲ" ಎಂದುಬಿಟ್ಟರಂತೆ. ಅವನ ಮೇಲಧಿಕಾರಿ ತನ್ನ ರೀಲು ಹಿಡಿದುಕೊಂಡು ಹಿಂದೆಯೇ ನಿಂತಿದ್ದನಂತೆ. ಅಲ್ಲಿ ನಡೆದ ಹೊಡೆದಾಟದಲ್ಲಿ ಮುರಿದ ಕುರ್ಚಿ ಇವತ್ತಿಗೂ ಮೂರು ಕಾಲಿನ ಮೇಲೆ ನಿಂತಿದೆ. ಅದನ್ನು ಗೋಡೆಗೆ ಒರಗಿಸಿ ನಾನು ಕೂರುತ್ತೇನೆ.

ನಾನು ಹಲ್ಲಿನ ಡಾಕ್ಟರು. ರಜೆಯ ದಿನ ಮೀನು ಹಿಡಿಯಲು ಹೋಗುತ್ತೇನೆ, ಹೆಚ್ಚಾಗಿ ನೆಗಡಿ ಹಿಡಿದುಕೊಂಡು ಬರುತ್ತೇನೆ. ರಾಯರ ಬಾಯಲ್ಲಿ ಮೂರು ಹಲ್ಲು ನಾನು ಕೂರಿಸಿದ್ದು. ಗ್ರೀಸು, ತುಕ್ಕು, ಹಿತ್ತಾಳೆ ಇವನ್ನೆಲ್ಲ ನೆಕ್ಕಬೇಡಿ ಎಂದು ನೂರು ಸಲ ಹೇಳಿದ್ದೇನೆ. ಪ್ರತಿ ಸಲವೂ ಅವರು ನನ್ನನ್ನು ಕರುಣೆಯಿಂದ ನೋಡಿ, ಮತ್ತೊಂದು ರೀಲು ನೆಕ್ಕಿದ್ದಾರೆ.

ಅಂಗಡಿ ಇರುವುದು ಬಂದರಿಗೆ ಇಳಿಯುವ ಬೀದಿಯಲ್ಲಿ, ಐಸ್ ಕಾರ್ಖಾನೆಗೂ ತಾಡಪಾಲು ಹೊಲಿಯುವವನ ಮಳಿಗೆಗೂ ನಡುವೆ. ಇಬ್ಬರು ಸರಿಯಾಗಿ ಹೊಡೆದಾಡುವಷ್ಟು ಜಾಗ ಅಲ್ಲಿಲ್ಲ. ಹಾಗೆಂದು ಯಾರೂ ಹೊಡೆದಾಡದೆ ಬಿಟ್ಟಿಲ್ಲ. ಎರಡು ಪೀಪಾಯಿಗಳ ಮೇಲೆ ಅಡ್ಡ ಮಲಗಿಸಿದ ಹಳೆಯ ಬಾಗಿಲೇ ಬೆಂಚು. ಅದರ ಬೀಗದ ತೂತಿನಲ್ಲಿ ಸ್ಕ್ರೂಡ್ರೈವರು ನಿಲ್ಲಿಸಿರುತ್ತಾರೆ. ಬೆಂಚಿನ ಮುಂದೆ ಕಿಟಕಿ, ಕಿಟಕಿಯಾಚೆ ಬೀದಿ, ಬೀದಿಯ ಕೊನೆಗೆ ದೋಣಿಕಟ್ಟೆ. ಮೂವತ್ತೊಂದು ವರ್ಷದಿಂದ ರಾಯರು ಬೆಳಗಾದರೆ ಅಲ್ಲಿ ಕೂತಿರುತ್ತಾರೆ.

ಅವರ ಮೈಯೇ ಒಂದು ರಣರಂಗ. ಎಡಗಿವಿಯಲ್ಲಿ ಒಂದು ಗಾಳ ಈ ಕಡೆ ಹೊಕ್ಕು ಆ ಕಡೆ ಹೊರಬಂದ ತೂತಿದೆ. ಬಲಗೈ ಹೆಬ್ಬೆರಳಿಗೆ ಉಗುರಿಲ್ಲ. ಅದನ್ನು ಒಂದು ಮೀನು ತನ್ನ ಜೊತೆ ತೆಗೆದುಕೊಂಡು ಹೋಯಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರೀಲಿನ ಹಿಡಿಕೆಯೊಂದು ಮೂಗಿನ ಮೂಳೆಯನ್ನು ಪುಡಿ ಮಾಡಿತು. ಅಂದಿನಿಂದ ಮೂಗು ಎಡಕ್ಕೆ ತಿರುಗಿದೆ, ರಾಯರು ಬಲಕ್ಕೆ ನಡೆಯುತ್ತಾರೆ.

ಅವರಲ್ಲಿಗೆ ರೀಲು ಆರಿಸಲು ಹೋಗುವವರು ಸ್ವಲ್ಪ ಧೈರ್ಯ ಇಟ್ಟುಕೊಂಡಿರಬೇಕು. "ಯಾವುದು ಚೆನ್ನಾಗಿದೆ?" ಎಂದು ಕೇಳಿದರೆ ಬೆನ್ನಿಗೊಂದು ಗುದ್ದು. "ಯಾರನ್ನ ಕೊಲ್ಲೋಕೆ ಹೊರಟಿದ್ದೀಯ, ಅದು ಹೇಳು ಮೊದಲು! ದಡದಿಂದ ಬೀಸ್ತೀಯೋ, ದೋಣಿಯಿಂದ ಇಳಿಬಿಡ್ತೀಯೋ? ಮೀನು ಓಡಿದ್ರೆ ಎಷ್ಟು ದಾರ ಎಳ್ಕೊಂಡು ಓಡುತ್ತೆ?" ನಾನು ಮೊದಲ ಸಲ ಹೋದಾಗ ಬಂಗಾರದ ಬಣ್ಣದ ಒಂದು ರೀಲನ್ನು ಮುದ್ದಿಸಿದ್ದೆ. ರಾಯರು ಅದನ್ನು ಕಿತ್ತುಕೊಂಡು, ಹಿಡಿಕೆಯನ್ನು ನನ್ನ ಕೈಗಿಟ್ಟು, ದಾರದ ತುದಿ ತಮ್ಮ ಮುಷ್ಟಿಗೆ ಸುತ್ತಿಕೊಂಡು ಎಳೆದರು. ಒಳಗೆ ಏನೋ ಲಟಕ್ಕೆಂದಿತು. "ಹಲ್ಲು ಮುರೀತು. ನಿಮ್ಮ ಕಸುಬಿಗೆ ಸೇರಿದ್ದು, ನೀವೇ ನೋಡ್ಕೊಳ್ಳಿ" ಎಂದು ಗೇರು ಚಕ್ರವನ್ನು ನನ್ನ ಜೇಬಿಗೆ ಹಾಕಿದರು. ಮಂಕುಬಣ್ಣದ, ಮೈ ದಪ್ಪಗಿದ್ದ ಒಂದು ರೀಲು ಕೊಟ್ಟು ಕಳಿಸಿದರು. ಅದು ಹದಿನೈದು ವರ್ಷದಿಂದ ನನ್ನ ಕೈಯಲ್ಲಿದೆ.

ಸಮುದ್ರದಿಂದ ಬಂದ ಕೂಡಲೇ ದಾರ ಬಿಗಿಯುವ ಗುಂಡಿಯನ್ನು ಪೂರ್ತಿ ಬಿಗಿದು, ಮೇಲಿನಿಂದ ಸಿಹಿನೀರನ್ನು ಮೆಲ್ಲಗೆ ಸುರಿಯಬೇಕು, ಒರೆಸಬೇಕು, ನೆರಳಲ್ಲಿ ಒಣಗಿಸಿ ಗುಂಡಿಯನ್ನು ಮತ್ತೆ ಸಡಿಲಿಸಿಡಬೇಕು. ಪೈಪು ಹಿಡಿದು ರಭಸದಿಂದ ನೀರು ಬಿಟ್ಟವನನ್ನು ರಾಯರು ಅದೇ ಪೈಪಿನಿಂದ ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗಿದ್ದಾರೆ. ಗೇರಿಗೆ ಗ್ರೀಸು, ಬೇರಿಂಗಿಗೆ ತೆಳು ಎಣ್ಣೆ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಒನ್‌ವೇ ಬೇರಿಂಗ್ ಎಂಬುದೊಂದು ಒಳಗಿರುತ್ತದೆ, ಸೂಜಿಯಷ್ಟು ಸಣ್ಣ ಉರುಳೆಗಳ ಒಂದು ಉಂಗುರ. ಅದಕ್ಕೆ ಗ್ರೀಸು ತಗುಲಿದರೆ ಉರುಳೆ ಜಾರುತ್ತದೆ, ಹಿಡಿಕೆ ಹಿಮ್ಮುಖವಾಗಿ ಗಿರಗಿರನೆ ತಿರುಗಿ ಮನುಷ್ಯನನ್ನು ಚಚ್ಚುತ್ತದೆ. "ನನ್ನ ಮೂಗು ನೋಡ್ಕೋ, ಮರೀಬೇಡ" ಎನ್ನುತ್ತಿದ್ದರು.

ಇವೆಲ್ಲಕ್ಕಿಂತ ದೊಡ್ಡ ಶಾಸನ ಇನ್ನೊಂದಿತ್ತು: ಬಿಚ್ಚಿದ ರೀಲನ್ನು ಬಿಟ್ಟು ಬೆಂಚಿನಿಂದ ಏಳಕೂಡದು. ಪಕ್ಕದ ತಾಡಪಾಲು ಮಳಿಗೆಗೆ ಬೆಂಕಿ ಬಿದ್ದಾಗಲೂ ರಾಯರು ಎದ್ದಿರಲಿಲ್ಲ. ಗೋಡೆ ಬಿಸಿಯಾಗುತ್ತಿತ್ತು, ಹೊಗೆಯಲ್ಲಿ ಕೆಮ್ಮುತ್ತ ಕೊನೆಯ ಸ್ಕ್ರೂ ಹಾಕಿ, ಆಮೇಲೆ ಬಕೆಟ್ಟು ಎತ್ತಿಕೊಂಡು ಹೊರಗೆ ಓಡಿದರು.

ಇಂಥ ಸಾಮ್ರಾಜ್ಯಕ್ಕೆ ಮುತ್ತಿಗೆ ಹಾಕಿದವನು ಅವರ ಹೆಂಡತಿಯ ತಮ್ಮ, ಗೂಳಿ. ಅದು ಊರಿಟ್ಟ ಹೆಸರು. ಕತ್ತು ಎಂಬ ಅಂಗವನ್ನು ದೇವರು ಅವನಿಗೆ ಕೊಡಲು ಮರೆತಿದ್ದಾನೆ. ಭುಜದ ಮೇಲೆ ನೇರವಾಗಿ ತಲೆ ಇದೆ.

ಆವತ್ತು ಬೆಳಗ್ಗೆ ಅವನ ದೋಣಿಯಲ್ಲಿ ನಾನೂ ಇದ್ದೆ. ಹಿಂದಿನ ದಿನವಷ್ಟೇ ರಾಯರು ಅವನ ದೊಡ್ಡ ರೀಲನ್ನು ಬಿಚ್ಚಿ, ತೊಳೆದು, ಜೋಡಿಸಿ ಕೊಟ್ಟಿದ್ದರು. ಒಂಬತ್ತು ಗಂಟೆಯ ಹೊತ್ತಿಗೆ ಮೀನು ಕಚ್ಚಿತು. ಗಾಳದ ಕೋಲು ಬಿಲ್ಲಿನಂತೆ ಬಾಗಿತು. "ಬಂದ ನನ್ನ ಮಗ!" ಎಂದು ಗೂಳಿ ಗುಂಡಿಯನ್ನು ಬಿಗಿದು, ಕಾಲೂರಿ, ಹಿಡಿಕೆ ಹಿಡಿದು ಜಗ್ಗಿದ. ಕಟಕ್ ಎಂದಿತು. ಹಿಡಿಕೆ ಅವನ ಕೈಯಿಂದ ಹಾರಿ ಫ್ಯಾನಿನ ಹಾಗೆ ಹಿಂದಕ್ಕೆ ತಿರುಗತೊಡಗಿತು. ಮೊದಲ ಸುತ್ತಿಗೆ ನಡುಬೆರಳು ಮುರಿಯಿತು, ಎರಡನೆಯದಕ್ಕೆ ಉಂಗುರಬೆರಳು. ಏನಾಯಿತೆಂದು ನೋಡಲು ಅವನು ಬಗ್ಗಿದ. ಬಗ್ಗಬಾರದಿತ್ತು. ಮೂರನೆಯ ಸುತ್ತಿಗೆ ಮುಂದಿನ ಹಲ್ಲೊಂದು ಸೂರ್ಯನ ಬೆಳಕಿನಲ್ಲಿ ಮಿನುಗುತ್ತ ಎದ್ದು, ಅಂದವಾಗಿ ಬಾಗಿ, ಸಮುದ್ರಕ್ಕೆ ಬಿತ್ತು. ನನ್ನ ಕಸುಬಿನಲ್ಲಿ ಇಷ್ಟು ಸ್ವಚ್ಛವಾಗಿ ಕಿತ್ತ ಹಲ್ಲನ್ನು ನಾನು ಕಂಡಿಲ್ಲ. ದಾರ ಹರಿದು ಮೀನು ಹೋಯಿತು. ದೋಣಿಯ ತಳವೆಲ್ಲ ರಕ್ತ.

ಮಧ್ಯಾಹ್ನ ಗೂಳಿ ಅಂಗಡಿಗೆ ನುಗ್ಗಿದ. ಬಲಗೈಗೆ ಪಟ್ಟಿ, ಎಡಗೈಯಲ್ಲಿ ಮೀನೆತ್ತುವ ಕಬ್ಬಿಣದ ಕೊಕ್ಕೆ, ಕಂಕುಳಲ್ಲಿ ಆ ರೀಲು. ಯಾವಾಗಲೂ "ಭಾವ, ಊಟ ಮಾಡಿದ್ರಾ" ಎನ್ನುತ್ತಿದ್ದವನು ಅಂದು ಏಕವಚನಕ್ಕಿಳಿದಿದ್ದ.

"ಎದ್ದು ಬಾರಯ್ಯ ಭಾವ! ಇವತ್ತು ನಿನ್ನ ಕರುಳು ತೆಗೆದು ರೀಲಿಗೆ ಸುತ್ತಿಡ್ತೀನಿ!"

"ಯಾಕೋ, ಬಾಯಿ ಊದ್ಕೊಂಡಿದೆ? ಜೇನು ಕೀಳೋಕೆ ಹೋಗಿದ್ಯಾ?"

ಕೊಕ್ಕೆ ಬೀಸಿ ಬಂತು. ಕಪಾಟಿನ ಡಬ್ಬಿಗಳೆಲ್ಲ ಉರುಳಿದವು. ರಾಯರು ತೊಳೆಯುವ ನೀರನ್ನು ಬಕೆಟ್ಟು ಸಮೇತ ಅವನ ಮುಖಕ್ಕೆ ಎಸೆದರು. ಅವನು ಅವರ ಕೊರಳಪಟ್ಟಿ ಹಿಡಿದ, ಅವರು ಅವನ ಕಿವಿ ಹಿಡಿದರು. ನಾನು ಬಿಡಿಸಲು ಹೋಗಿ ಇಬ್ಬರಿಂದಲೂ ಒಂದೊಂದು ತಿಂದು ಮೂರು ಕಾಲಿನ ಕುರ್ಚಿಗೆ ಮರಳಿದೆ. ಅಷ್ಟರಲ್ಲಿ ಹಿಂದಿನ ಮನೆಯಿಂದ ರಾಯರ ಹೆಂಡತಿ ನೆಲ ಒರೆಸುವ ಕೋಲು ಹಿಡಿದು ಬಂದರು. ಗಂಡನಿಗೆ ಎರಡು, ತಮ್ಮನಿಗೆ ಎರಡು. ಅಷ್ಟು ನಿಷ್ಪಕ್ಷಪಾತವಾದ ನ್ಯಾಯ ಯಾವ ಕೋರ್ಟಿನಲ್ಲೂ ಸಿಗದು.

"ಏನ್ರೋ ಇದು? ಮೀನು ಸಿಗ್ಲಿಲ್ಲ ಅಂತ ಒಬ್ಬರನ್ನೊಬ್ಬರು ಹಿಡೀತಿದ್ದೀರಾ?"

"ಅಕ್ಕ, ನಿನ್ನ ಗಂಡ ರೀಲ್ ಹಾಳು ಮಾಡಿ ಕೊಟ್ಟಿದ್ದಾನೆ. ನನ್ನ ಹಲ್ಲು ನೋಡು!"

"ಎಲ್ಲಿದೆ ನೋಡೋಕೆ?"

ರಾಯರು ಏದುಸಿರು ಬಿಡುತ್ತ ಬೆಂಚಿನ ಮುಂದೆ ಕೂತರು. "ಇವ್ನು ಪೈಪ್ ಹಿಡಿದು ತೊಳ್ದಿರ್ತಾನೆ, ಉಪ್ಪು ಒಳಗೆ ಹೋಗಿರುತ್ತೆ. ಈಗ್ಲೇ ಬಿಚ್ತೀನಿ, ಎಲ್ಲರ ಮುಂದೆ. ಒಳಗೆ ಉಪ್ಪಿದ್ರೆ ಇವ್ನು ನನ್ನ ಕಾಲು ಹಿಡೀಬೇಕು. ನನ್ನ ಕೈ ತಪ್ಪಿದ್ರೆ ಈ ಬೆಂಚಿಂದ ಏಳ್ತೀನಿ. ಎದ್ದ ಮೇಲೆ ಸಾಯೋವರೆಗೆ ಸ್ಕ್ರೂಡ್ರೈವರ್ ಮುಟ್ಟಲ್ಲ."

"ಎದ್ದು ಎಲ್ಲಿಗೆ ಹೋಗ್ತೀರಿ? ಅಡುಗೆಮನೇಲಿ ಕೂತು ನನ್ನ ತಲೆ ತಿನ್ನೋಕಾ?" ಎಂದರು ಹೆಂಡತಿ. ಆದರೆ ಅವರ ಮುಖ ಬಿಳಿಚಿತ್ತು. ಗಂಡ ಆಡಿದ ಮಾತು ತಪ್ಪುವವರಲ್ಲ ಎಂಬುದು ಆಕೆಗೆ ಗೊತ್ತಿತ್ತು.

ಸ್ಕ್ರೂಗಳು ಒಂದೊಂದಾಗಿ ಹೊರಬಂದವು. ರಾಯರ ಬೆರಳು ತಡಕಾಡಿದವು. ಹೊಡೆದಾಟದ ನಡುಕ ಎಂದುಕೊಂಡೆ. ಹೊರಮೈ ನೆಕ್ಕಿದರು. ಉಪ್ಪಿಲ್ಲ. ಗೇರು ನೆಕ್ಕಿದರು. ಉಪ್ಪಿಲ್ಲ. ಒನ್‌ವೇ ಬೇರಿಂಗನ್ನು ಹೊರತೆಗೆದು ನಾಲಿಗೆಯ ತುದಿಗೆ ತಾಗಿಸಿದರು. ನಾಲಿಗೆ ಅಲ್ಲೇ ನಿಂತಿತು. ಬೆರಳಲ್ಲಿ ಉಜ್ಜಿ ನೋಡಿದರು. ಕೈ ಚಾಚಿದಷ್ಟು ದೂರ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು:

"ಡಾಕ್ಟ್ರೇ, ಈ ಸಂದೀಲಿರೋದರ ಬಣ್ಣ ಏನು?"

ಎದ್ದು ಬಳಿಗೆ ಹೋಗುವ ಅಗತ್ಯವೂ ಇರಲಿಲ್ಲ. ಕುರ್ಚಿಯಿಂದಲೇ ಕಾಣುತ್ತಿತ್ತು. ಉರುಳೆಗಳ ಸಂದಿಯಲ್ಲೆಲ್ಲ ದಟ್ಟ ಹಸಿರು ಗ್ರೀಸು. ಆ ಹಸಿರು ಇಡೀ ಬಂದರಿನಲ್ಲಿ ಇದ್ದದ್ದು ರಾಯರ ಡಬ್ಬಿಯಲ್ಲಿ ಮಾತ್ರ. ಗೇರಿಗೆ ಹಚ್ಚಿದ ಬೆರಳಲ್ಲೇ ಬೇರಿಂಗು ಎತ್ತಿ ಕೂರಿಸಿದ್ದರು. ಕಣ್ಣಿದ್ದ ಯಾರಿಗಾದರೂ ಕಾಣಬೇಕಿತ್ತು. ಅವರಿಗೆ ಕಂಡಿರಲಿಲ್ಲ, ಈಗಲೂ ಕಾಣುತ್ತಿರಲಿಲ್ಲ.

ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. "ಹಸಿರು" ಎಂದೆ.

ರಾಯರು ತಲೆಯಾಡಿಸಿದರು. "ನನ್ನದೇ. ನನ್ನ ಕೈಯೇ ತಪ್ಪಿದ್ದು." ಸ್ಕ್ರೂಡ್ರೈವರನ್ನು ಬೀಗದ ತೂತಿಗೆ ಇಳಿಬಿಟ್ಟು, ಎರಡೂ ಅಂಗೈಯನ್ನು ಬೆಂಚಿಗೆ ಊರಿ ಏಳಲು ಹೊರಟರು.

ಗೂಳಿ ಗೆದ್ದಿದ್ದ. ಗೆದ್ದವನ ಮುಖ ಅಷ್ಟು ಸೋತದ್ದನ್ನು ನಾನು ನೋಡಿಲ್ಲ. ಅವನು ಕೊಕ್ಕೆಯನ್ನು ತಲೆಯ ಮೇಲಕ್ಕೆತ್ತಿದ. ಅಕ್ಕ ಚೀರಿದರು. ಕೊಕ್ಕೆ ಧಡ್ಡೆಂದು ಇಳಿದು, ರಾಯರ ಅಂಗಿಯ ತೋಳನ್ನು ಬೆಂಚಿನ ಮರಕ್ಕೆ ಸೇರಿಸಿ ಜಡಿದು ನಿಂತಿತು.

"ಬಿಚ್ಚಿದ ರೀಲು ಬಿಟ್ಟು ಏಳ್ತೀರಾ ಭಾವ?" ಬಹುವಚನ ಮರಳಿತ್ತು. "ಬೆಂಕಿ ಬಿದ್ದಾಗ ಏಳದೇ ಇದ್ದೋರು ಈಗ ಏಳ್ತೀರಾ? ಕೂತ್ಕೊಳ್ಳಿ! ಜೋಡಿಸಿ, ಆಮೇಲೆ ಎಲ್ಲಿಗಾದ್ರೂ ಹಾಳಾಗೋಗಿ!"

ರಾಯರು ಕೂತರು. ತೋಳಿಗೆ ಕೊಕ್ಕೆ ಬಿದ್ದಿದ್ದ ಕಾರಣ ಬೇರೆ ದಾರಿಯೂ ಇರಲಿಲ್ಲ.

ಹೆಂಡತಿ ಒಳಗೆ ಹೋಗಿ ಒಂದು ಕನ್ನಡಕ ತಂದರು. ಹದಿನಾಲ್ಕು ತಿಂಗಳಿಂದ ಅದು ಹಳೆಯ ರೀಲಿನ ಪೆಟ್ಟಿಗೆಯಲ್ಲಿ ಬಿದ್ದಿತ್ತಂತೆ. "ಆ ಸೊಟ್ಟ ಮೂಗಿನ ಮೇಲೆ ನಿಲ್ಲಲ್ಲ, ಜಾರಿ ಬೀಳುತ್ತೆ ಅಂತ ರಾಗ ತೆಗೆದ್ರಲ್ಲ, ಈಗ ಹೇಗೆ ಬೀಳುತ್ತೋ ನೋಡ್ತೀನಿ" ಎಂದು ಎರಡು ಕಡ್ಡಿಗಳಿಗೆ ಗಾಳದ ದಾರ ಕಟ್ಟಿ, ಗಂಡನ ಬುರುಡೆಯ ಹಿಂದೆ ಬಿಗಿದು ಗಂಟು ಹಾಕಿದರು. ರಾಯರು ಮೊದಲು ಬೆಂಚು ನೋಡಿದರು, ಆಮೇಲೆ ತಮ್ಮ ಕೈ ನೋಡಿದರು.

"ಥೂ, ಇಷ್ಟು ಕೊಳೆಯೇನೇ ಇಲ್ಲಿ?"

"ನಾನೇನು ಹಾಡು ಹೇಳ್ತಿದ್ನಾ ಇಷ್ಟು ದಿನ?"

ಉರುಳೆಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒರೆಸಿ, ಸೂಜಿಯ ತುದಿಯಿಂದ ಒಂದು ಹನಿ ತೆಳು ಎಣ್ಣೆ ಬಿಟ್ಟು ಜೋಡಿಸಿದರು. ಗೂಳಿ ಎಡಗೈಯಲ್ಲಿ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಲು ಹಲ್ಲು ಕಚ್ಚಿ, ಅಂದರೆ ಉಳಿದ ಹಲ್ಲು ಕಚ್ಚಿ, ತಿಣುಕಿದ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಉಳಿದದ್ದು ಒಂದೇ ಸ್ಕ್ರೂ. ಅದನ್ನು ಬಿಗಿದರೆ ರಾಯರು ಏಳುತ್ತಾರೆ. ಅವರು ನಿಧಾನವಾಗಿ ತಿರುಗಿಸುತ್ತಿದ್ದರು. ಹಠಾತ್ತನೆ ಗೂಳಿ ಸುತ್ತಿಗೆ ಎತ್ತಿಕೊಂಡು, ಕಪಾಟಿನಿಂದ ಯಾವನದೋ ರೀಲೊಂದನ್ನು ಎಳೆದು, ಬೆಂಚಿನ ಮೇಲಿಟ್ಟು ಫಟ್ಟೆಂದು ಒಂದೇಟು ಹಾಕಿದ. ರೀಲಿನ ಪಕ್ಕದ ಮುಚ್ಚಳ ಹಾರಿತು, ಸ್ಪ್ರಿಂಗುಗಳು ನೆಗೆದವು.

"ಅಯ್ಯಯ್ಯೋ, ಇದೂ ಬಿಚ್ಕೊಂಡ್ಬಿಡ್ತಲ್ಲ ಭಾವ."

ಅದು ರಿಪೇರಿಗೆ ಕೊಟ್ಟಿದ್ದ ನನ್ನ ರೀಲಾಗಿತ್ತು. ಹದಿನೈದು ವರ್ಷದ್ದು. ನಾನೇ ಬಗ್ಗಿ ಸ್ಪ್ರಿಂಗುಗಳನ್ನು ಆರಿಸಿ ರಾಯರ ಮುಂದಿಟ್ಟೆ.

ಅಂದಿನಿಂದ ಆ ಬೆಂಚಿನ ಮೇಲೆ ಬಿಚ್ಚಿದ ರೀಲು ಒಂದಿಲ್ಲದ ಗಳಿಗೆಯಿಲ್ಲ. ಒಂದು ಮುಗಿಯುವಷ್ಟರಲ್ಲಿ ಯಾರಾದರೂ ಇನ್ನೊಂದನ್ನು ಬಿಚ್ಚಿಡುತ್ತಾರೆ, ಹೆಚ್ಚಾಗಿ ಹೆಂಡತಿಯೇ. ರಾಯರು ಊಟ, ನಿದ್ದೆಗೆ ಎದ್ದು ಹೋಗುವಾಗ ಆಕೆ ಆ ಜಾಗದಲ್ಲಿ ಕೂತು ಪಹರೆ ಕಾಯುತ್ತಾರೆ, ಇಲ್ಲವೇ ರಾಯರು ರೀಲನ್ನೇ ತಟ್ಟೆಯಲ್ಲಿಟ್ಟು ಜೊತೆಗೆ ಕೊಂಡೊಯ್ಯುತ್ತಾರೆ. ಶಪಥ ಮುರಿದಿಲ್ಲ. ಈಡೇರುವ ಸರದಿ ಇನ್ನೂ ಬಂದಿಲ್ಲ, ಅಷ್ಟೇ.

ಗೂಳಿಗೆ ಹಲ್ಲು ಕಟ್ಟಿದ ಮೇಲೆ ಒಂದು ದಿನ ಹೋಗಿ ಕೂತೆ. ರಾಯರು ಕನ್ನಡಕ ಬಿಗಿದುಕೊಂಡು ನನ್ನ ರೀಲನ್ನೇ ಜೋಡಿಸುತ್ತಿದ್ದರು. ಒಮ್ಮೆಯೂ ನೆಕ್ಕಲಿಲ್ಲ. ನನಗೆ ತಡೆಯಲಾಗಲಿಲ್ಲ.

"ರಾಯರೇ, ಉಪ್ಪು ಕಣ್ಣಿಗೆ ಕಾಣದೆ ನೆಕ್ತಿದ್ರಿ, ಅದು ಅರ್ಥ ಆಯ್ತು. ಆದ್ರೆ ಆ ಹದಿನೆಂಟು ದಿನ, ಬುಧವಾರದ ರಜಾ, ಅದೆಲ್ಲ ನಾಲಿಗೆಗೆ ಹೇಗೆ ಗೊತ್ತಾಗ್ತಿತ್ತು?"

ರಾಯರು ಕನ್ನಡಕವನ್ನು ಹಣೆಗೇರಿಸಿ ಕಿಟಕಿಯಾಚೆ ಬೀದಿಯ ಕೊನೆಯತ್ತ ನೋಡಿದರು.

"ಕೋಲು ಹಿಡ್ಕೊಂಡು ದೋಣಿಕಟ್ಟೆಗೆ ಹೋಗೋರೆಲ್ಲ ಈ ಬೀದೀಲೇ ಹೋಗ್ಬೇಕಲ್ಲ ಡಾಕ್ಟ್ರೇ. ನೋಡಿರ್ತೀನಿ. ನಂಗೆ ದೂರದ್ದು ಚೆನ್ನಾಗೇ ಕಾಣುತ್ತೆ."