ಮೀಯಿಸುವ ಅವ್ವಿ ಮತ್ತು ಮುರುಗಲು ತುಪ್ಪ

ಒಣಗಿದ ಮುರುಗಲ ಬೀಜ ಮೊರದಲ್ಲಿ ಹೊರಳುವ ಗರಗರ ಸದ್ದು, ಅದರ ಬೆನ್ನಿಗೇ ಅವ್ವಿಯ ಗಾಜಿನ ಬಳೆಗಳದ್ದು. ಅಂಕೋಲೆಯ ನಮ್ಮ ಹಿತ್ತಲಿನಾಚೆಯಿಂದ ಎರಡೂ ಒಟ್ಟಿಗೆ ಕೇಳಿಸಿದರೆ ಬೆಳಿಗ್ಗೆ ಎಂಟಾಯಿತೆಂದೇ ಅರ್ಥ. ಗಟ್ಟಿ ತೋಳು. ಬಿಸಿನೀರಿಗೆ ಅದ್ದಿ ಅದ್ದಿ ಒರಟಾಗಿ ಕಪ್ಪಿಟ್ಟ ಬಲ ಮೊಣಕೈ.

ಊರಿನವರೆಲ್ಲ ಅವಳನ್ನು ಮೀಯಿಸುವ ಅವ್ವಿ ಎನ್ನುತ್ತಿದ್ದರು. ಬಾಣಂತಿಗೆ ಎರೆಯುವುದು, ಎಳೆಗೂಸನ್ನು ನೀಡಿದ ಕಾಲ ಮೇಲೆ ಮಲಗಿಸಿ ಮೀಯಿಸುವುದು ಅವಳ ಕೆಲಸ. ನನ್ನ ಇಬ್ಬರು ಹೆಣ್ಣುಮಕ್ಕಳೂ ಆ ಕಾಲ ಮೇಲೆಯೇ ಅತ್ತು, ಅಲ್ಲಿಯೇ ನಿದ್ದೆ ಹೋದವರು. ಕಾರವಾರದ ಕಾನ್ವೆಂಟಿನಲ್ಲಿ ಹೈಜೀನ್ ಪಾಠ ಬಾಯಿಪಾಠ ಮಾಡಿದ್ದ ನಾನು ಥರ್ಮಾಮೀಟರ್ ಹಿಡಿದು ಬಂದರೆ ಅವಳು ಮೊಣಕೈ ಅದ್ದಿ ನೋಡಿ, "ಅದನ್ನ ನಿಮ್ಗೇ ಜ್ವರ ಬಂದಾಗ ಇಟ್ಕಳಿ ಅಕ್ಕೋರೇ" ಎನ್ನುತ್ತಿದ್ದಳು.

ಮೀಯಿಸಲು ಕರೆಯುವವರು ಕಡಿಮೆಯಾದ ಮೇಲೆ ಅವಳೂ ಕೇರಿಯ ಹೆಂಗಸರೂ ಸಂಘ ಕಟ್ಟಿಕೊಂಡು ಮುರುಗಲು ತುಪ್ಪ ತೆಗೆಯತೊಡಗಿದರು. ಪೇಟೆಯವರು ಕೋಕಂ ಎನ್ನುವ ಆ ಹುಳಿಹಣ್ಣಿನ ಬೀಜ ಕುಟ್ಟಿ, ನೀರಿನಲ್ಲಿ ದಿನವಿಡೀ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಆರಿಸಿ ತೆಗೆಯುವ ಕೆಲಸ. ಹೊಗೆಗೆ ಎಲ್ಲರ ಕಣ್ಣೂ ಕೆಂಪು. ಕಾಡಿನ ಸೌದೆಯಂತೂ ಹೊರೆಹೊರೆಯಾಗಿ ಒಲೆಗೆ ಹೋಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಕ್ರೀಮು, ಲಿಪ್‌ಸ್ಟಿಕ್ ಮಾಡುವ ಕಂಪನಿಯೊಂದು ಇವರ ತುಪ್ಪವನ್ನೆಲ್ಲ ಕೊಳ್ಳುತ್ತೇನೆಂದು ಬಂತು. ಆದರೆ ಕಂಡೀಷನ್ ಇತ್ತು. ಅಷ್ಟು ಸೌದೆ ಸುಡಬಾರದು, ಕೆಮಿಕಲ್ ಹಾಕಿಯೂ ತೆಗೆಯಬಾರದು. ಅವರು ಕೊಟ್ಟ ಎಂಜೈಮ್ ಪುಡಿಯನ್ನು ಕುಟ್ಟಿದ ಬೀಜಕ್ಕೆ ಬೆರೆಸಿ, ಹದವಾದ ಬಿಸಿಯಲ್ಲಿ ಕೆಲವು ತಾಸು ಇಟ್ಟರೆ ಬೀಜ ತಾನಾಗಿ ಜಿಡ್ಡು ಬಿಟ್ಟುಕೊಡುತ್ತದಂತೆ. ಮೊದಲು ಒಂದು ಟ್ರಯಲ್; ಅದು ಕೆಟ್ಟರೆ ಕಂಪನಿಯವರು ದೂರದ ಮಿಲ್ಲಿಗೆ ಹೋಗುತ್ತಾರೆ. ಇವರಿಗೆ ಬೇರೆ ದುಡಿಮೆಯಿರಲಿಲ್ಲ.

ಇಂಗ್ಲಿಷಿನ ಇನ್‌ಸ್ಟ್ರಕ್ಷನ್ ಹಾಳೆ ರಿಟೈರ್ಡ್ ಟೀಚರಾದ ನನ್ನ ಕೈಗೆ ಬಂತು. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ನಲವತ್ತೈದು ಡಿಗ್ರಿ. ಕುದಿಸಬಾರದು. ಯಾಕೆ ಕುದಿಸಬಾರದೆಂದು ಹಾಳೆಯಲ್ಲಿರಲಿಲ್ಲ. ನಾನೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೊದಲ ಪಾತ್ರೆಯಲ್ಲಿ ಎಣಿಸಿದ್ದರ ಅರ್ಧ ತುಪ್ಪವೂ ಬರಲಿಲ್ಲ. ಕಂಪನಿಯ ಲ್ಯಾಬಿನಿಂದ ಬಂದಿದ್ದ ಹುಡುಗಿ, ಪುಡಿ ದಾರಿಯಲ್ಲಿ ಬಿಸಿಲಿಗೆ ಕೆಟ್ಟಿರಬೇಕು, ಹಾಗೆಂದೇ ರಿಪೋರ್ಟ್ ಬರೆಯುತ್ತೇನೆ ಎಂದಳು. ಹೆಂಗಸರು ಉಸಿರು ಬಿಟ್ಟರು. ಅವ್ವಿ ಎದ್ದು ನಿಂತಳು. ಏನೋ ಒಪ್ಪಿಕೊಳ್ಳಲು ಹೊರಟಿದ್ದಾಳೆಂದು ಅವಳ ಮುಖವೇ ಹೇಳುತ್ತಿತ್ತು. ಪಕ್ಕದವಳು ಸೆರಗು ಜಗ್ಗಿದಳು. ಸತ್ಯವನ್ನೇ ನುಡಿಯಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳಿಂದ ಕಲಿತ ನಾನೂ ಅವಳಿಗೆ ಸುಮ್ಮನಿರೆಂದು ಸನ್ನೆ ಮಾಡಿದೆ. ಇಂದಿಗೂ ಅದಕ್ಕೆ ನಾಚಿಕೆಯಾಗುತ್ತದೆ.

"ಪುಡಿದು ತಪ್ಪಲ್ಲ. ನಾನೇ ಕುದ್ಸಿದ್ದು," ಎಂದಳು ಅವ್ವಿ. "ಕುದೀದೆ ಇದ್ದದ್ದನ್ನ ಮಂದಿ ಮೈಗೆ ಹಚ್ಚೂಕೆ ಹ್ಯಾಂಗೆ ಕೊಡೂದು ಅಂತ ಕಂಡ್ತು. ಯಾರೂ ಇಲ್ದಾಗ ಒಂದ್ ಕುದಿ ಬರ್ಸ್ದೆ."

ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ಆಮೇಲೆ, ಕುದಿದರೆ ಎಂಜೈಮ್ ಕೆಲಸ ಮಾಡುವುದಿಲ್ಲವೆಂದು ತಾನೇ ಮೊದಲು ಹೇಳಬೇಕಿತ್ತು ಎಂದು ಒಪ್ಪಿಕೊಂಡಳು. ಅವ್ವಿ ಸ್ವಲ್ಪ ಯೋಚಿಸಿ, "ಕುದೀತಿದ್ದ ಹಾಲಿಗೆ ಹೆಪ್ಪು ಹಾಕ್ದಂಗಾಯ್ತು ಅನ್ನಿ. ಇಷ್ಟೇಯಾ?" ಎಂದಳು. ನನ್ನ ಇಡೀ ಹಾಳೆಯಲ್ಲಿ ಇಲ್ಲದ ಮಾತು ಅದು.

ಹುಡುಗಿ ಇನ್ನೊಂದು ಪೊಟ್ಟಣ ಕೊಟ್ಟಳು. ಇದೇ ಕೊನೆಯದು ಎಂದೂ ಹೇಳಿದಳು. ಮರುದಿನ ಅವ್ವಿ ಪಾತ್ರೆ ಬಿಟ್ಟು ಕದಲಲಿಲ್ಲ. ಮೊಣಕೈ ಅದ್ದಿ, "ಶಿಶುಗೆ ಹೆಚ್ಚಾಯ್ತು, ಬಾಣಂತಿಗೆ ಕಮ್ಮಿ. ಹಿಂಗೇ ಇರ್ಲಿ" ಎಂದಳು. ಹುಡುಗಿ ಥರ್ಮಾಮೀಟರ್ ಇಳಿಸಿದರೆ ನಲವತ್ತೈದು. ಒಂದು ಹಿಡಿ ಸೌದೆ ಎಳೆಯುವುದು, ಒಂದು ಹಿಡಿ ಒಡ್ಡುವುದು, ಸಂಜೆಯವರೆಗೂ ಅದೇ. ಆರಿದ ಮೇಲೆ ಹೆಪ್ಪುಗಟ್ಟಿದ ತುಪ್ಪದ ಪದರ ಎಷ್ಟು ದಪ್ಪವಿತ್ತೆಂದರೆ ಹುಡುಗಿ ಫೋಟೋ ತೆಗೆದಳು. ಆರ್ಡರ್ ಇವರಿಗೇ ಉಳಿಯಿತು. ಆ ದಿನ ನನಗಾದಷ್ಟು ಹೆಮ್ಮೆ ನನ್ನ ಯಾವ ಸ್ಟೂಡೆಂಟಿನ ರಿಸಲ್ಟಿಗೂ ಆಗಿರಲಿಲ್ಲ.

ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಎರಡೇ ದಿನದ ಜ್ವರ. ನಾನಾಗ ಊರಲ್ಲಿರಲಿಲ್ಲ.

ಕೊನೆಯ ಸಲ ನೋಡಿದ್ದು ಅದಕ್ಕೆ ಸ್ವಲ್ಪ ಮೊದಲು, ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ. ರಾಮನಗುಳಿಯ ಹೆಂಗಸರು ಈ ಕೆಲಸ ಕಲಿಸಲು ಕರೆದಿದ್ದರು. ಶಾಲೆಯ ಮೆಟ್ಟಿಲು ಹತ್ತದವಳು ಇಸ್ತ್ರಿ ಮಾಡಿದ ಸೀರೆಯುಟ್ಟು ಪಾಠ ಹೇಳಲು ಹೊರಟಿದ್ದಳು. ಹಾಳೆ ಹಿಡಿದು ನಾನೂ ಬರಲೇ ಎಂದು ಕೇಳಿದೆ.

"ಬ್ಯಾಡ ಅಕ್ಕೋರೇ. ನೀವ್ ಬಂದ್ರೆ ಅವ್ರು ನಿಮ್ಮ ಮುಖ ನೋಡ್ತ್ರು. ಪಾತ್ರೆ ನೋಡೂದಿಲ್ಲ."

ಬಸ್ಸು ಹೊರಟಿತು. ನಾನು ಕೈ ಬೀಸಿದೆ. ಅವಳು ನೋಡಲಿಲ್ಲ. ಪಕ್ಕದ ಸೀಟಿನವಳ ಕಡೆ ತಿರುಗಿ, ಕೈಯಾಡಿಸುತ್ತ, ಆಗಲೇ ಪಾಠ ಶುರುಮಾಡಿದ್ದಳು.